ರೈಟ್-ಆಫ್ ಆದ ಕಾರು ಮತ್ತೆ ರಸ್ತೆಗೆ: ಬ್ರಿಟನ್ನಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟನ್ನಿನಲ್ಲಿರುವ ಗೆಳೆಯರು, ಪರಿಚಯದವರು ಫೋನಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೆಲವರ ಕಾರು ಆಕ್ಸಿಡೆಂಟಿನಲ್ಲಿ ಹೋಗಿದೆ. ಇನ್ನು ಕೆಲವರು ಕಡಿಮೆ ಬೆಲೆ ನೋಡಿ ರೈಟ್-ಆಫ್ ಕಾರು, ಅಂದರೆ ರಿಪೇರಿ ಆಗದು ಅಥವಾ ರಿಪೇರಿಗೆ ದುಡ್ಡು ಹಾಕಿ ಪ್ರಯೋಜನವಿಲ್ಲ ಎಂದು ಇನ್ಶೂರೆನ್ಸ್ ಕಂಪನಿ ಕೈಬಿಟ್ಟ ಕಾರು, ಕೊಳ್ಳಲು ಹೊರಟಿದ್ದಾರೆ. ಇಬ್ಬರಿಗೂ ನಾನು ಮೊದಲು ಹೇಳುವ ಮಾತು ಒಂದೇ. ಇಲ್ಲಿ ಕಾಗದಪತ್ರ ಸರಿಮಾಡಿಕೊಳ್ಳುವುದು ಅಷ್ಟೇನೂ ಕಷ್ಟವಲ್ಲ. ಆದರೆ ರಿಪೇರಿ ಸರಿಯಾಗಿದೆಯಾ ಎಂದು ಸರ್ಕಾರದ ಕಡೆಯಿಂದ ಯಾರೂ ಬಿಚ್ಚಿ ನೋಡುವುದಿಲ್ಲ. ಆ ಹೊಣೆ ನಿಮ್ಮದು.

## ಮೊದಲು ತಿಳಿಯಬೇಕಾದ್ದು

ಕಾರು ಇನ್ನೂ ಓಡ್ತಾ ಇದೆ. ಆದ್ರೂ ರೈಟ್-ಆಫ್ ಅಂತಿದ್ದಾರಲ್ಲ, ಯಾಕೆ?

ಓಡುತ್ತದೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ. ಇನ್ಶೂರೆನ್ಸ್ ಕಂಪನಿ ಎರಡು ವಿಷಯ ನೋಡುತ್ತದೆ. ಕಾರನ್ನು ಸುರಕ್ಷಿತವಾಗಿ ರಿಪೇರಿ ಮಾಡಲು ಆಗುತ್ತದಾ? ಆಗುವುದಾದರೆ ಅದಕ್ಕೆ ಹಾಕುವ ದುಡ್ಡಿಗೆ ಕಾರು ಬೆಲೆಬಾಳುತ್ತದಾ? ಹಳೆಯ ಕಾರಿನ ಮಾರುಕಟ್ಟೆ ಬೆಲೆಯೇ ಕಡಿಮೆ. ಒಂದು ಬಾಗಿಲು, ಒಂದು ಹೆಡ್‌ಲೈಟ್, ಪೇಂಟು, ಗ್ಯಾರೇಜಿನವರ ಕೂಲಿ, ಅಷ್ಟು ದಿನ ನಿಮಗೆ ಕೊಡುವ ಬಾಡಿಗೆ ಕಾರು, ಎಲ್ಲ ಸೇರಿದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಸಣ್ಣ ಪೆಟ್ಟು ತಿಂದ ಹಳೆಯ ಕಾರು ರೈಟ್-ಆಫ್ ಆಗಬಹುದು, ಅದಕ್ಕಿಂತ ಜಾಸ್ತಿ ಪೆಟ್ಟು ತಿಂದ ಹೊಸ ಕಾರು ಆಗದೇ ಇರಬಹುದು.

ಎ, ಬಿ, ಎಸ್, ಎನ್ ಅಂತ ಬರೀತಾರಲ್ಲ, ಅದರಲ್ಲಿ ಯಾವುದನ್ನ ಮತ್ತೆ ಓಡಿಸಬಹುದು?

ಎಸ್ ಮತ್ತು ಎನ್ ಮಾತ್ರ.

ಕ್ಯಾಟ್ ಅಂದರೆ ಕೆಟಗರಿ, ವರ್ಗ. ಕ್ಯಾಟ್ ಎ ಎಂದರೆ ಇಡೀ ಕಾರು ಪುಡಿಯಾಗಬೇಕು. ಅದರ ಒಂದು ಬಿಡಿಭಾಗವನ್ನೂ ಬಳಸುವಂತಿಲ್ಲ. ಕ್ಯಾಟ್ ಬಿ ಎಂದರೆ ಒಳ್ಳೆಯ ಬಿಡಿಭಾಗ ಬಿಚ್ಚಿಕೊಳ್ಳಬಹುದು, ಆದರೆ ಬಾಡಿ ಪುಡಿಯಾಗಲೇಬೇಕು. ಕ್ಯಾಟ್ ಎಸ್‌ನಲ್ಲಿ ಕಾರಿನ ಚೌಕಟ್ಟಿಗೇ, ಅಂದರೆ ಛಾಸಿ, ಕಂಬ, ಸಿಲ್ (ಬಾಗಿಲ ಕೆಳಗಿನ ಪಟ್ಟಿ) ಇಂಥವುಗಳಿಗೆ ಪೆಟ್ಟಾಗಿರುತ್ತದೆ, ಆದರೂ ರಿಪೇರಿ ಸಾಧ್ಯ. ಕ್ಯಾಟ್ ಎನ್‌ನಲ್ಲಿ ಚೌಕಟ್ಟಿಗೆ ಪೆಟ್ಟಾಗಿಲ್ಲ, ಬೇರೆ ಕಡೆ ಆಗಿದೆ.

ಈ ವಿಂಗಡಣೆ ಬ್ರಿಟಿಷ್ ಇನ್ಶೂರೆನ್ಸ್ ಕಂಪನಿಗಳ ಸಂಘವಾದ ಎಬಿಐ ರೂಪಿಸಿದ್ದು. 2017ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ನಿಮ್ಮ ಕಾರು ಎ ಅಥವಾ ಬಿ ಆಗಿದ್ದರೆ ದಯವಿಟ್ಟು ಅದರ ಆಸೆ ಬಿಟ್ಟುಬಿಡಿ. ಎಂಥ ಮೆಕ್ಯಾನಿಕ್ ಸಿಕ್ಕರೂ ಅದನ್ನು ಕಾನೂನುಬದ್ಧವಾಗಿ ರಸ್ತೆಗೆ ತರುವ ದಾರಿ ಇಲ್ಲ.

ಒಂದು ಕಾರಿಗೆ ಕ್ಯಾಟ್ ಡಿ ಅಂತ ಇದೆ. ಅದ್ಯಾವುದು?

ಅದು 2017ಕ್ಕೆ ಮುಂಚಿನ ಗುರುತು. ಆಗ ಎಸ್, ಎನ್ ಬದಲು ಸಿ, ಡಿ ಇದ್ದವು. ರಿಪೇರಿ ಖರ್ಚು ಕಾರಿನ ಬೆಲೆಗಿಂತ ಜಾಸ್ತಿಯಾದರೆ ಸಿ. ರಿಪೇರಿ ಖರ್ಚು ಬೆಲೆಗಿಂತ ಕಡಿಮೆಯಿದ್ದರೂ ಸಾಗಣೆಯಂಥ ಬೇರೆ ಖರ್ಚು ಸೇರಿ ಲೆಕ್ಕ ಮೀರಿದರೆ ಡಿ. ಅಂದರೆ ಹಳೆಯ ಗುರುತು ದುಡ್ಡಿನ ಲೆಕ್ಕ ಹೇಳುತ್ತಿತ್ತು, ಹೊಸದು ಪೆಟ್ಟು ಎಲ್ಲಿಗೆ ಬಿದ್ದಿದೆ ಎಂದು ಹೇಳುತ್ತದೆ. ಹಾಗಾಗಿ ಸಿ ಎಂದರೆ ಎಸ್, ಡಿ ಎಂದರೆ ಎನ್ ಎಂದುಕೊಳ್ಳಬೇಡಿ. ಕ್ಯಾಟ್ ಡಿ ಕಾರಿನ ಚೌಕಟ್ಟಿಗೂ ಪೆಟ್ಟಾಗಿರಬಹುದು. ಹಳೆಯ ಗುರುತುಗಳು ಇಂದಿಗೂ ದಾಖಲೆಯಲ್ಲಿ ಹಾಗೇ ಇವೆ.

ಕ್ಯಾಟ್ ಎನ್ ಅಂದ್ರೆ ಬರೀ ಮೇಲಿನ ಡೆಂಟು, ಗೀರು ಅಲ್ವಾ?

ಅಲ್ಲ. ಈ ತಪ್ಪು ತಿಳಿವಳಿಕೆ ತುಂಬ ಹಬ್ಬಿದೆ, ಅಪಾಯಕಾರಿಯೂ ಹೌದು. ಚೌಕಟ್ಟಿಗೆ ಪೆಟ್ಟಿಲ್ಲ ಎಂದಷ್ಟೇ ಎನ್ ಹೇಳುತ್ತದೆ. ಬ್ರೇಕು, ಸ್ಟಿಯರಿಂಗ್, ಸಸ್ಪೆನ್ಷನ್, ಏರ್‌ಬ್ಯಾಗ್, ವೈರಿಂಗ್ ಎಲ್ಲವೂ ಹಾಳಾಗಿದ್ದರೂ ಕಾರು ಎನ್ ಆಗಬಹುದು.

## ಇನ್ಶೂರೆನ್ಸ್ ಕಂಪನಿಯ ಜೊತೆ ಮಾತುಕತೆ

ನನ್ನ ಕಾರನ್ನ ನಾನೇ ಇಟ್ಕೊಂಡು ರಿಪೇರಿ ಮಾಡಿಸ್ತೀನಿ ಅಂದ್ರೆ ಬಿಡ್ತಾರಾ?

ಎಸ್ ಅಥವಾ ಎನ್ ಆದರೆ ಸಾಮಾನ್ಯವಾಗಿ ಬಿಡುತ್ತಾರೆ. ಆದರೆ ಆರಂಭದಲ್ಲೇ, ಬರವಣಿಗೆಯಲ್ಲಿ ಕೇಳಿ. ಕ್ಲೇಮಿನ ದುಡ್ಡು ಕೈಗೆ ಬಂತೆಂದರೆ ಕಾರು ಕಂಪನಿಯದಾಗುತ್ತದೆ, ಅಷ್ಟರಲ್ಲಿ ಅದು ಹರಾಜಿನ ಅಂಗಳ ಸೇರಿರುತ್ತದೆ.

ಇಟ್ಟುಕೊಂಡರೆ ಸಾಲ್ವೇಜ್ ಬೆಲೆಯನ್ನು, ಅಂದರೆ ಕೆಟ್ಟ ಸ್ಥಿತಿಯಲ್ಲಿ ಕಾರು ಎಷ್ಟಕ್ಕೆ ಹೋಗುತ್ತಿತ್ತೋ ಅದನ್ನು, ನಿಮ್ಮ ಹಣದಿಂದ ಮುರಿದುಕೊಳ್ಳುತ್ತಾರೆ. ಉದಾಹರಣೆಗೆ ಮಾರುಕಟ್ಟೆ ಬೆಲೆ 5,000 ಪೌಂಡ್, ನಿಮ್ಮ ಎಕ್ಸೆಸ್, ಅಂದರೆ ಕ್ಲೇಮಿನಲ್ಲಿ ನೀವೇ ಹೊರಬೇಕಾದ ಪಾಲು, 300, ಸಾಲ್ವೇಜ್ 1,000 ಎಂದಿಟ್ಟುಕೊಳ್ಳಿ. ಕೈಗೆ ಬರುವುದು 3,700. ಈ 3,700ರೊಳಗೆ ರಿಪೇರಿ ಮುಗಿಯುತ್ತದಾ ಎಂದು ಗ್ಯಾರೇಜಿನವರ ಹತ್ತಿರ ಬರೆಸಿಕೊಂಡ ಮೇಲೆಯೇ ಹೂಂ ಅನ್ನಿ. ಪ್ರೀಮಿಯಂ ಕಂತಿನಲ್ಲಿ ಕಟ್ಟುತ್ತಿದ್ದರೆ ವರ್ಷದ ಉಳಿದ ಕಂತನ್ನೂ ಮುರಿದುಕೊಳ್ಳುವುದುಂಟು. ಅದನ್ನೂ ಮೊದಲೇ ಕೇಳಿ.

ಅವರು ಹೇಳ್ತಿರೋ ಬೆಲೆ ತುಂಬಾ ಕಮ್ಮಿ ಅನ್ನಿಸ್ತಿದೆ. ಒಪ್ಪಲೇಬೇಕಾ?

ಒಪ್ಪಬೇಕಿಲ್ಲ. ಆಕ್ಸಿಡೆಂಟಿಗೆ ಮುಂಚೆ ಕಾರಿಗೆ ಮಾರುಕಟ್ಟೆಯಲ್ಲಿ ಇದ್ದ ಬೆಲೆ ನಿಮಗೆ ಸಿಗಬೇಕು. ಅದೇ ಮಾಡೆಲ್, ಅದೇ ವರ್ಷ, ಹತ್ತಿರದ ಮೈಲೇಜ್ ಇರುವ ಕಾರುಗಳ ಜಾಹೀರಾತು, ನಿಮ್ಮ ಸರ್ವಿಸ್ ದಾಖಲೆ, ಹೊಸ ಟೈರಿನ ಬಿಲ್ಲು ಎಲ್ಲ ಕಳಿಸಿ. ಒಪ್ಪದಿದ್ದರೆ ದೂರು ಎಂದು ಸ್ಪಷ್ಟವಾಗಿ ಬರೆದು ಕೊಡಿ. ಅಂತಿಮ ಉತ್ತರ ಕೊಡಲು ಕಂಪನಿಗೆ 8 ವಾರ ಕಾಲ ಇದೆ. ಆ ಉತ್ತರ ಬಂದ 6 ತಿಂಗಳೊಳಗೆ ಇಂಥ ಕಂಪನಿಗಳ ಮೇಲಿನ ದೂರು ವಿಚಾರಿಸುವ ಫೈನಾನ್ಶಿಯಲ್ ಒಂಬುಡ್ಸ್‌ಮನ್ ಬಳಿ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ಜನ ಸುಮ್ನೆ ಮೊದಲ ಮೊತ್ತಕ್ಕೇ ಒಪ್ಪಿಬಿಡುತ್ತಾರೆ. ಒಂದು ಸಲವಾದರೂ ಪುರಾವೆ ಇಟ್ಟು ಕೇಳಿ ನೋಡಿ.

ಕಾರು ಪಿಸಿಪಿ ಮೇಲೆ ತಗೊಂಡಿದ್ದು. ಆಗ್ಲೂ ಇಟ್ಕೋಬಹುದಾ?

ಪಿಸಿಪಿ ಆಗಲಿ, ಹೈರ್ ಪರ್ಚೇಸ್ ಆಗಲಿ, ಎರಡೂ ಕಂತಿನ ಸಾಲದ ಮೇಲೆ ಕಾರು ಕೊಳ್ಳುವ ಬಗೆ. ಸಾಲ ತೀರುವವರೆಗೆ ಕಾರು ಫೈನಾನ್ಸ್ ಕಂಪನಿಯದು. ಅವರ ಒಪ್ಪಿಗೆ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಇನ್ಶೂರೆನ್ಸ್ ಹಣ ಮೊದಲು ಅವರ ಬಾಕಿಗೆ ಹೋಗುತ್ತದೆ. ಉಳಿದದ್ದು ನಿಮಗೆ. 

ಕ್ಲೇಮೇ ಮಾಡದೆ ನನ್ನ ದುಡ್ಡಲ್ಲೇ ರಿಪೇರಿ ಮಾಡಿಸಿದ್ರೆ?

ಆಗ ಕಾರಿಗೆ ಯಾವ ಗುರುತೂ ಬೀಳುವುದಿಲ್ಲ. ಆದರೆ ಕ್ಲೇಮ್ ಮಾಡದಿದ್ದರೂ ಆಕ್ಸಿಡೆಂಟ್ ಆದ ಸುದ್ದಿಯನ್ನು ಕಂಪನಿಗೆ ತಿಳಿಸಬೇಕೆಂದು ಸಾಮಾನ್ಯವಾಗಿ ಪಾಲಿಸಿಯಲ್ಲೇ ಇರುತ್ತದೆ. ಮುಚ್ಚಿಟ್ಟರೆ ಮುಂದಿನ ಕ್ಲೇಮಿಗೆ ತೊಂದರೆ.

## ಕಾಗದಪತ್ರ

ಲಾಗ್ ಬುಕ್ ನಾನೇ ಇಟ್ಕೋಬೇಕಾ, ಕಳಿಸ್ಬೇಕಾ?

ಎನ್ ಆದರೆ ನಿಮ್ಮ ಲಾಗ್ ಬುಕ್, ಅಂದರೆ ವಿ5ಸಿ ಎಂಬ ನೋಂದಣಿ ಪತ್ರ, ನಿಮ್ಮ ಹತ್ತಿರವೇ ಇರಲಿ.

ಎಸ್ ಆದರೆ ಪೂರ್ತಿ ಲಾಗ್ ಬುಕ್ ಅನ್ನು ಇನ್ಶೂರೆನ್ಸ್ ಕಂಪನಿಗೆ ಕಳಿಸಬೇಕು. ಆಮೇಲೆ ವಿ62 ಎಂಬ ನಮೂನೆಯಲ್ಲಿ ಅರ್ಜಿ ಹಾಕಿ, ವಾಹನ ನೋಂದಣಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾದ ಡಿವಿಎಲ್ಎಯಿಂದ ಹೊಸದನ್ನು ಪಡೆಯಬೇಕು. ನೀವೇ ಕಾರು ಉಳಿಸಿಕೊಂಡಿದ್ದರೆ ಇದಕ್ಕೆ ಶುಲ್ಕವಿಲ್ಲ. ಹೊಸ ಲಾಗ್ ಬುಕ್‌ನಲ್ಲಿ ಕಾರಿನ ಕೆಟಗರಿ ನಮೂದಾಗಿರುತ್ತದೆ. ರಿಪೇರಿ ಮುಗಿಯಲಿ ಎಂದು ಕಾಯದೆ ಅರ್ಜಿಯನ್ನು ಬೇಗ ಹಾಕಿ. ಲಾಗ್ ಬುಕ್ಕಿನ ನಂಬರ್ ಇಲ್ಲದೆ ಆನ್‌ಲೈನಿನಲ್ಲಿ ಟ್ಯಾಕ್ಸ್ ಕಟ್ಟಲು ಪರದಾಡಬೇಕಾಗುತ್ತದೆ. ಕಳಿಸುವ ಮುಂಚೆ ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಕಾರನ್ನು ಕಂಪನಿಗೇ ಬಿಟ್ಟುಕೊಟ್ಟರೆ ಅದನ್ನು ಡಿವಿಎಲ್ಎಗೆ ತಿಳಿಸಬೇಕು. ತಿಳಿಸದಿದ್ದರೆ 1,000 ಪೌಂಡ್ ದಂಡ ಬೀಳಬಹುದು.

ರಿಪೇರಿಗೆ ತಿಂಗಳುಗಟ್ಟಲೆ ಆಗುತ್ತೆ. ಅಲ್ಲೀವರೆಗೂ ಟ್ಯಾಕ್ಸ್, ಇನ್ಶೂರೆನ್ಸ್ ಕಟ್ಟಬೇಕಾ?

ಕಾರು ರಸ್ತೆಯ ಮೇಲಿಲ್ಲ ಎಂದು ಡಿವಿಎಲ್ಎಗೆ ಘೋಷಿಸಿ. ಇದನ್ನೇ ಸೋರ್ನ್ ಎನ್ನುತ್ತಾರೆ. ಮಾಡಿದರೆ ಎರಡೂ ಬೇಕಿಲ್ಲ, ಉಳಿದ ಪೂರ್ತಿ ತಿಂಗಳುಗಳ ಟ್ಯಾಕ್ಸ್ ವಾಪಸ್ ಬರುತ್ತದೆ. ಆದರೆ ಕಾರು ನಿಮ್ಮ ಡ್ರೈವ್‌ವೇ, ಗ್ಯಾರೇಜು ಅಥವಾ ಖಾಸಗಿ ಜಾಗದಲ್ಲಿರಬೇಕು. ಮನೆ ಮುಂದಿನ ರಸ್ತೆಯಲ್ಲಿ ಸುಮ್ಮನೆ ನಿಲ್ಲಿಸಿದ್ದರೂ ತಪ್ಪೇ. ಸೋರ್ನ್ ಮಾಡದೆ, ಇನ್ಶೂರೆನ್ಸೂ ಇಲ್ಲದೆ ಬಿಟ್ಟರೆ ಕಾರು ಕದಲದಿದ್ದರೂ ದಂಡದ ಪತ್ರ ಮನೆಗೆ ಬರುತ್ತದೆ.

ಗ್ಯಾರೇಜಿಂದ ಎಂಒಟಿ ಜಾಗಕ್ಕೆ ಓಡಿಸ್ಕೊಂಡು ಹೋಗ್ಬಹುದಾ?

ಎಂಒಟಿ ಎಂದರೆ ಕಾರು ರಸ್ತೆಗೆ ಯೋಗ್ಯವಾಗಿದೆಯಾ ಎಂದು ನೋಡುವ ಕಡ್ಡಾಯ ಪರೀಕ್ಷೆ. ಮೊದಲೇ ಬುಕ್ ಮಾಡಿದ ಎಂಒಟಿಗೆ ಸೋರ್ನ್ ಆದ ಕಾರನ್ನೂ ಓಡಿಸಿಕೊಂಡು ಹೋಗಬಹುದು. ಆದರೆ ಆ ದಿನಕ್ಕೆ ಇನ್ಶೂರೆನ್ಸ್ ಇರಲೇಬೇಕು, ಕಾರು ಓಡಿಸಲು ಸುರಕ್ಷಿತವಾಗಿರಬೇಕು. ಬುಕಿಂಗ್ ಪುರಾವೆ ಫೋನಿನಲ್ಲಿರಲಿ. ಇನ್ಶೂರೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ 300 ಪೌಂಡ್ ದಂಡ, ಲೈಸೆನ್ಸಿಗೆ 6 ದಂಡದ ಪಾಯಿಂಟ್. ಕೋರ್ಟಿಗೆ ಹೋದರೆ ಇನ್ನೂ ಜಾಸ್ತಿ. ಸ್ವಲ್ಪ ಅನುಮಾನವಿದ್ದರೂ ಟ್ರಕ್ಕಿನ ಮೇಲೆ ಹಾಕಿಸಿ ಕಳಿಸಿ.

ವಿಐಸಿ ಚೆಕ್ ಅಂತ ಒಂದಿದೆಯಂತೆ, ಮಾಡಿಸಬೇಕಾ?

ಬೇಡ. ಅದು 2015ರ ಅಕ್ಟೋಬರಿನಲ್ಲೇ ನಿಂತುಹೋಯಿತು. ಅಷ್ಟಕ್ಕೂ ಅದು ಕಾರಿನ ಗುರುತು ನೋಡುತ್ತಿದ್ದ ಪರೀಕ್ಷೆ. ಕದ್ದ ಕಾರಿಗೆ ರೈಟ್-ಆಫ್ ಕಾರಿನ ನಂಬರ್ ಹಾಕಿ ಮಾರುವುದನ್ನು ತಡೆಯಲು ತಂದದ್ದು. ರಿಪೇರಿಯ ಗುಣಮಟ್ಟವನ್ನು ಅದು ಆಗಲೂ ನೋಡುತ್ತಿರಲಿಲ್ಲ.

ಎಂಒಟಿ ಪಾಸಾದ್ರೆ ಸಾಕಲ್ವಾ?

ಕಾನೂನಿನ ಕಾಗದಕ್ಕೆ ಸಾಕು. ನಿಮ್ಮ ಜೀವಕ್ಕೆ ಸಾಲದು.

ಎಸ್, ಎನ್ ಕಾರುಗಳಿಗೆಂದೇ ಬೇರೆ ಸರ್ಕಾರಿ ಪರೀಕ್ಷೆ ಇಲ್ಲ. ಆಕ್ಸಿಡೆಂಟಿಗೆ ಮುಂಚಿನ ಎಂಒಟಿಯ ಅವಧಿ ಉಳಿದಿದ್ದರೆ ಅದು ಕಾಗದದ ಮೇಲೆ ಹಾಗೇ ಮುಂದುವರಿಯಬಹುದು. ಆದರೂ ರಿಪೇರಿ ಆದ ಮೇಲೆ ಹೊಸ ಎಂಒಟಿ ಮಾಡಿಸಿ. ಕಾರಿಗೆ ಗರಿಷ್ಠ ಶುಲ್ಕ 54.85 ಪೌಂಡ್, ಅಷ್ಟೇ. ಪರೀಕ್ಷೆ ಮಾಡುವವರು ಏನನ್ನೂ ಬಿಚ್ಚಿ ನೋಡುವುದಿಲ್ಲ. ಬಂಪರಿನ ಹಿಂದೆ ಬಾಗಿದ ಉಕ್ಕು, ಕಾರ್ಪೆಟ್ಟಿನ ಕೆಳಗಿನ ಕೆಟ್ಟ ವೆಲ್ಡಿಂಗ್ ಅವರ ಕಣ್ಣಿಗೆ ಬೀಳದೇ ಹೋಗಬಹುದು. ಏರ್‌ಬ್ಯಾಗಿನ ಎಚ್ಚರಿಕೆ ದೀಪ ನೋಡುತ್ತಾರೆ, ಒಳಗೆ ಏರ್‌ಬ್ಯಾಗ್ ಇದೆಯಾ ಎಂದು ತೆಗೆದು ನೋಡುವುದಿಲ್ಲ.

ಎಂಒಟಿ ಕೈಲಿದೆ ಎಂದು ಅಪಾಯಕಾರಿ ಕಾರು ಓಡಿಸಲು ಅನುಮತಿ ಸಿಕ್ಕಂತಲ್ಲ. ಹಾಗೆ ಓಡಿಸಿ ಸಿಕ್ಕಿಬಿದ್ದರೆ 2,500 ಪೌಂಡ್‌ವರೆಗೆ ದಂಡ, 3 ಪಾಯಿಂಟ್, ಕಾರು ಓಡಿಸದಂತೆ ನಿಷೇಧ ಬೀಳುವ ಸಾಧ್ಯತೆಯೂ ಇದೆ.

ನನ್ನ ಪ್ರೈವೇಟ್ ನಂಬರ್ ಹೋಗಿಬಿಡುತ್ತಾ?

ಕಾರು ಬಿಟ್ಟುಕೊಡುವುದಾದರೆ ಹಣ ಇತ್ಯರ್ಥ ಆಗುವ ಮುಂಚೆಯೇ ಆ ನಂಬರನ್ನು ಕಾರಿನಿಂದ ತೆಗೆಸಲು ಡಿವಿಎಲ್ಎಗೆ ಅರ್ಜಿ ಹಾಕಿ, ಕಂಪನಿಗೂ ತಿಳಿಸಿ. ಕಾರು ನೀವೇ ಇಟ್ಟುಕೊಂಡರೆ ಇಷ್ಟು ಅವಸರವಿಲ್ಲ.

## ರಿಪೇರಿ

ಕ್ಯಾಟ್ ಎಸ್ ಕಾರನ್ನ ಪರಿಚಯದ ಗ್ಯಾರೇಜಲ್ಲಿ ಕಡಿಮೆ ಖರ್ಚಲ್ಲಿ ಮಾಡಿಸ್ಬಹುದಾ?

ಕಾನೂನು ಬೇಡ ಎನ್ನುವುದಿಲ್ಲ. ನಾನು ಬೇಡ ಎನ್ನುತ್ತೇನೆ, ಆ ಗ್ಯಾರೇಜಿಗೆ ಬಾಡಿ ಕೆಲಸದ ಸಲಕರಣೆ ಮತ್ತು ಅನುಭವ ಎರಡೂ ಇಲ್ಲದಿದ್ದರೆ.

ಈಗಿನ ಕಾರಿನ ಚೌಕಟ್ಟು ಒಂದೇ ಬಗೆಯ ಉಕ್ಕಲ್ಲ. ಮುಂದಿನ ಮತ್ತು ಹಿಂದಿನ ಭಾಗ ಡಿಕ್ಕಿಯಾದಾಗ ಮಡಚಿಕೊಂಡು ಹೊಡೆತ ನುಂಗಬೇಕು. ಒಳಗೆ ಕೂತವರ ಸುತ್ತಲಿನ ಭಾಗ ಸ್ವಲ್ಪವೂ ಬಾಗಬಾರದು. ಅಲ್ಲಿ ಬೋರಾನ್ ಉಕ್ಕಿನಂಥ ತುಂಬ ಗಟ್ಟಿ ಲೋಹ ಇರುತ್ತದೆ. ಅದನ್ನು ಕಾಯಿಸಿ, ಬಡಿದು ನೇರ ಮಾಡಿದರೆ ನೋಡಲು ಸರಿಯಾಗಿ ಕಾಣುತ್ತದೆ, ಬಲ ಹೋಗಿರುತ್ತದೆ. ಹಾಗಾಗಿ ಅಂಥ ಭಾಗವನ್ನು ಬದಲಾಯಿಸಬೇಕು. ಅದನ್ನೂ ತಯಾರಕರು ಹೇಳಿದ ಜಾಗದಲ್ಲೇ ಕತ್ತರಿಸಿ, ಅವರು ಹೇಳಿದ ರೀತಿಯಲ್ಲೇ ಜೋಡಿಸಬೇಕು. ಚೌಕಟ್ಟನ್ನು ಜಿಗ್ ಎಂಬ ಅಳತೆಯ ಹಂದರದ ಮೇಲೆ ಕೂರಿಸಿ ಅಳತೆ ತೆಗೆಯಬೇಕು. ವೆಲ್ಡ್ ಮಾಡಿದ ಒಳಭಾಗಕ್ಕೆ ತುಕ್ಕು ಹಿಡಿಯದಂತೆ ಮೇಣ ಹಾಕಬೇಕು. ಕೊನೆಗೆ ನಾಲ್ಕೂ ಚಕ್ರಗಳ ಅಲೈನ್‌ಮೆಂಟ್ ಆಗಬೇಕು.

ಬಿಎಸ್ 10125 ಎಂಬ ಬ್ರಿಟಿಷ್ ಮಾನದಂಡದ ಪ್ರಮಾಣಪತ್ರ ಇರುವ ಬಾಡಿಶಾಪ್ ಹುಡುಕಿ. ಖರ್ಚು ಜಾಸ್ತಿ, ನಿಜ. ಅವರಿಂದ ಅಳತೆಯ ಪ್ರಿಂಟ್, ರಿಪೇರಿಯ ಪ್ರತಿ ಹಂತದ ಫೋಟೋ, ಬಿಡಿಭಾಗದ ಬಿಲ್ಲು ಕೇಳಿ ಪಡೆಯಿರಿ. ಪೇಂಟ್ ಬಿದ್ದ ಮೇಲೆ ಒಳಗೆ ಏನಾಗಿದೆ ಎಂದು ತೋರಿಸಲು ಆ ಫೋಟೋ ಬಿಟ್ಟರೆ ಬೇರೆ ದಾರಿ ಇಲ್ಲ. ಕೆಲಸ ಮುಗಿದ ಮೇಲೆ ಆ ಗ್ಯಾರೇಜಿಗೆ ಸಂಬಂಧವಿಲ್ಲದ ಒಬ್ಬ ಎಂಜಿನಿಯರ್‌ರಿಂದ ಪರೀಕ್ಷೆ ಮಾಡಿಸಿ ವರದಿ ಬರೆಸಿಕೊಳ್ಳಿ.

ಏರ್‌ಬ್ಯಾಗ್ ಬಿಚ್ಚಿಕೊಂಡಿದೆ. ಅದೊಂದನ್ನ ಹಾಕಿಸಿದ್ರೆ ಆಯ್ತಾ?

ಆಗುವುದಿಲ್ಲ. ಸೀಟ್‌ಬೆಲ್ಟನ್ನು ತಟ್ಟನೆ ಬಿಗಿ ಮಾಡುವ ಪ್ರಿಟೆನ್ಷನರ್ ಕೂಡ ಒಂದೇ ಸಲ ಕೆಲಸ ಮಾಡುವುದು. ಸೆನ್ಸರ್‌ಗಳನ್ನು ನೋಡಬೇಕು, ಡಿಕ್ಕಿಯ ದಾಖಲೆ ಉಳಿದಿರುವ ಕಂಟ್ರೋಲ್ ಯೂನಿಟ್ ಬಗ್ಗೆ ತಯಾರಕರು ಏನು ಹೇಳಿದ್ದಾರೋ ಹಾಗೆ ಮಾಡಬೇಕು. ಹಳೆಯ ಏರ್‌ಬ್ಯಾಗ್ ಅಗ್ಗಕ್ಕೆ ಸಿಗುತ್ತದೆ ಎಂದು ಹಾಕಿಸಬೇಡಿ. ಎಚ್ಚರಿಕೆ ದೀಪ ಆರಿಸಲು ವೈರಿಗೆ ರೆಸಿಸ್ಟರ್ ಕಟ್ಟಿ ಮೋಸ ಮಾಡುವವರೂ ಇದ್ದಾರೆ. ಇಗ್ನಿಷನ್ ಹಾಕಿದಾಗ ಆ ದೀಪ ಹತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತಲೇ ಇಲ್ಲವೆಂದರೆ ಅನುಮಾನ ಪಡಿ.

ಮುಂದಿನ ಗಾಜು ಅಥವಾ ಬಂಪರ್ ಬದಲಾಗಿದ್ದರೆ ಅಲ್ಲಿರುವ ಕ್ಯಾಮೆರಾ, ರಾಡಾರ್‌ಗಳನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಿಸಬೇಕು. ತಾನೇ ಬ್ರೇಕ್ ಹಾಕುವ ಕಾರು ತಪ್ಪು ಕಡೆ ನೋಡುತ್ತಿದ್ದರೆ ಏನಾಗಬಹುದು ಯೋಚಿಸಿ.

ನೀರಲ್ಲಿ ಮುಳುಗಿದ ಕಾರು ಕ್ಯಾಟ್ ಎನ್‌ನಲ್ಲಿ ಅಗ್ಗಕ್ಕೆ ಸಿಗ್ತಿದೆ. ತಗೊಳ್ಲಾ?

ನಾನಾದರೆ ಬಿಡುತ್ತೇನೆ. ವೈರಿಂಗ್ ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು ನಿಧಾನವಾಗಿ ಹಿಡಿಯುತ್ತದೆ. ಇವತ್ತು ಎಲ್ಲ ಸರಿ ಇರುತ್ತದೆ, ತಿಂಗಳುಗಳಾದ ಮೇಲೆ ಒಂದೊಂದೇ ಕೈಕೊಡುತ್ತದೆ. ಎಲೆಕ್ಟ್ರಿಕ್ ಅಥವಾ ಹೈಬ್ರಿಡ್ ಕಾರಾದರೆ ಹೈ ವೋಲ್ಟೇಜ್ ಕೆಲಸಕ್ಕೆ ತರಬೇತಿ ಪಡೆದವರ ಹೊರತು ಯಾರೂ ಅದನ್ನು ಮುಟ್ಟಬಾರದು.

ಎರಡು ಕಾರಿನ ಒಳ್ಳೆ ಅರ್ಧಗಳನ್ನ ಸೇರಿಸಿ ಒಂದು ಮಾಡ್ತಾರಂತಲ್ಲ?

ಅದನ್ನು ಕಟ್ ಅಂಡ್ ಶಟ್ ಎನ್ನುತ್ತಾರೆ. ಡಿಕ್ಕಿಯಾದಾಗ ಕಾರು ಬೆಸುಗೆಯ ಜಾಗದಲ್ಲೇ ಎರಡಾಗಬಹುದು. ಅಂಥ ಕಾರನ್ನು ಮುಟ್ಟಬೇಡಿ. ಡಿವಿಎಲ್ಎ ದೃಷ್ಟಿಯಲ್ಲಿ ಅದು ಹಳೆಯ ನಂಬರಿನ ಕಾರೇ ಅಲ್ಲ.

## ರಸ್ತೆಗೆ ಬಂದ ಮೇಲೆ, ಕೊಳ್ಳುವಾಗ, ಮಾರುವಾಗ

ಹೊಸ ಇನ್ಶೂರೆನ್ಸ್ ಸಿಗುತ್ತಾ?

ಸಿಗುತ್ತದೆ, ಎಲ್ಲರೂ ಕೊಡುವುದಿಲ್ಲ. ಕೆಲವರು ಎಸ್ ಕಾರಿಗೆ ಬೇಡವೇ ಬೇಡ ಎನ್ನುತ್ತಾರೆ, ಕೆಲವರು ಎಂಜಿನಿಯರ್ ವರದಿ ಕೇಳುತ್ತಾರೆ. ರಿಪೇರಿಗೆ ದುಡ್ಡು ಹಾಕುವ ಮುಂಚೆಯೇ ನಾಲ್ಕಾರು ಕಡೆ ಫೋನ್ ಮಾಡಿ ಕೇಳಿ. ಕೇಳಿದ ಪ್ರಶ್ನೆಗೆ ನಿಜ ಹೇಳಬೇಕು, ಇದು 2012ರ ಗ್ರಾಹಕ ಇನ್ಶೂರೆನ್ಸ್ ಕಾಯ್ದೆಯ ಮಾತು. ಸುಳ್ಳು ಹೇಳಿ ಪಡೆದ ಪಾಲಿಸಿ ಬೇಕಾದ ದಿನವೇ ರದ್ದಾಗಬಹುದು. ಇನ್ನೊಂದು ವಿಷಯ: ಮುಂದೆ ಮತ್ತೆ ಕ್ಲೇಮ್ ಮಾಡಿದರೆ ಹಳೆಯ ಗುರುತಿನಿಂದಾಗಿ ಸಿಗುವ ಮೊತ್ತವೂ ಕಡಿಮೆಯಾಗಿರುತ್ತದೆ.

ಚೆನ್ನಾಗಿ ರಿಪೇರಿ ಆಗಿದೆ. ಆ ಕ್ಯಾಟ್ ಎಸ್ ಗುರುತು ತೆಗೆಸಬಹುದಾ?

ಇಲ್ಲ, ಅದು ಕಾರು ಇರುವವರೆಗೂ ಇರುತ್ತದೆ. ಇನ್ಶೂರೆನ್ಸ್ ಕಂಪನಿಗಳ ಸಾಮಾನ್ಯ ದಾಖಲೆಯಾದ ಎಂಐಎಎಫ್‌ಟಿಆರ್‌ನಲ್ಲಿ ಸೇರಿರುತ್ತದೆ. ವಿಂಗಡಣೆಯೇ ತಪ್ಪಾಗಿದೆ ಎಂದು ನಿಮಗೆ ಪುರಾವೆ ಸಿಕ್ಕರೆ ಮಾತ್ರ ಕಂಪನಿಗೆ ಎಂಜಿನಿಯರ್ ವರದಿ ಕೊಟ್ಟು ಮತ್ತೆ ಪರಿಶೀಲಿಸಲು ಕೇಳಬಹುದು. ದುಡ್ಡು ಕೊಟ್ಟರೆ ಗುರುತು ಅಳಿಸಿಕೊಡುತ್ತೇವೆ ಎನ್ನುವವರನ್ನು ನಂಬಬೇಡಿ.

ಹರಾಜಿನಲ್ಲಿ ಕೊಳ್ಳೋ ಮುಂಚೆ ಏನೇನು ನೋಡಬೇಕು?

ಸರ್ಕಾರದ ಜಾಲತಾಣದಲ್ಲಿ ಕಾರಿನ ಎಂಒಟಿ ಇತಿಹಾಸ ಪುಕ್ಕಟೆ ಸಿಗುತ್ತದೆ. ಮೈಲೇಜು, ಹಿಂದಿನ ತುಕ್ಕಿನ ಎಚ್ಚರಿಕೆ ಎಲ್ಲ ಅಲ್ಲಿರುತ್ತದೆ. ರೈಟ್-ಆಫ್ ಗುರುತು, ಬಾಕಿ ಸಾಲ, ಕಳುವಿನ ವಿಷಯಕ್ಕೆ ಎಚ್‌ಪಿಐ ಥರದ ಹಣ ಕೊಟ್ಟು ಮಾಡಿಸುವ ಚೆಕ್ ಬೇಕು. ಲಾಗ್ ಬುಕ್ ಇದೆಯಾ, ನೀವೇ ಅರ್ಜಿ ಹಾಕಬೇಕಾ ಎಂದು ತಿಳಿದುಕೊಳ್ಳಿ. ಗಾಜಿನ ಕೆಳಗಿನ ಮತ್ತು ಬಾಡಿ ಮೇಲಿನ ವಿಐಎನ್, ಅಂದರೆ ಛಾಸಿ ನಂಬರ್, ಒಂದೇ ಇರಬೇಕು. ಹರಾಜಿನ ಶುಲ್ಕ, ಅದರ ಮೇಲಿನ ವ್ಯಾಟ್, ಸಾಗಿಸುವ ಖರ್ಚು ಸೇರಿಸಿ ಲೆಕ್ಕ ಹಾಕಿ. ಫೋಟೋ ನೋಡಿ ಮಾತ್ರ ಬಿಡ್ ಮಾಡಬೇಡಿ, ಪೆಟ್ಟಿಲ್ಲದ ಪಕ್ಕವನ್ನೇ ಚೆನ್ನಾಗಿ ತೋರಿಸಿರುತ್ತಾರೆ.

ಮಾರುವಾಗ ಹೇಳಲೇಬೇಕಾ?

ವ್ಯಾಪಾರಿಯಾದರೆ ಹೇಳಲೇಬೇಕು. ಖಾಸಗಿಯಾಗಿ ಮಾರುವವರು ಕೇಳಿದಾಗ ಸುಳ್ಳು ಹೇಳುವಂತಿಲ್ಲ, ತಪ್ಪು ವಿವರಣೆ ಕೊಡುವಂತಿಲ್ಲ. ಆದರೆ ಕೇಳಲಿ ಎಂದು ಕಾಯಬೇಡಿ. ಜಾಹೀರಾತಿನ ಮೊದಲ ಸಾಲಿನಲ್ಲೇ ಬರೆಯಿರಿ, ಫೋಟೋ, ಬಿಲ್ಲುಗಳ ಕಡತ ಕೈಗೆ ಕೊಡಿ. ಆ ಕಾರಿನಲ್ಲಿ ನಾಳೆ ಕೂರುವುದು ಇನ್ನೊಬ್ಬರ ಮಕ್ಕಳು. ರಸ್ತೆಗೆ ಯೋಗ್ಯವಲ್ಲದ ಕಾರನ್ನು ಓಡಿಸಲೆಂದು ಮಾರುವುದು ಯಾರೇ ಮಾಡಿದರೂ ಅಪರಾಧ, 1988ರ ರೋಡ್ ಟ್ರಾಫಿಕ್ ಕಾಯ್ದೆಯ ಪ್ರಕಾರ.

ಕಾರು ತಗೊಂಡ ಮೇಲೆ ಅದು ಕ್ಯಾಟ್ ಎಸ್ ಅಂತ ಗೊತ್ತಾಯ್ತು. ಈಗೇನು ಮಾಡ್ಲಿ?

ಮೊದಲು ಓಡಿಸುವುದನ್ನು ನಿಲ್ಲಿಸಿ, ಒಬ್ಬ ಎಂಜಿನಿಯರ್‌ಗೆ ತೋರಿಸಿ. ಜಾಹೀರಾತು, ಮೆಸೇಜುಗಳನ್ನು ಉಳಿಸಿಕೊಳ್ಳಿ. ಡೀಲರ್ ಹತ್ತಿರ ಕೊಂಡಿದ್ದು, ವಿವರಣೆಗೆ ಕಾರು ಹೊಂದುತ್ತಿಲ್ಲ ಎಂದಾದರೆ 2015ರ ಕನ್ಸ್ಯೂಮರ್ ರೈಟ್ಸ್ ಕಾಯ್ದೆಯಡಿ 30 ದಿನದೊಳಗೆ ವಾಪಸ್ ಮಾಡಿ ಪೂರ್ತಿ ಹಣ ಕೇಳಬಹುದು. ಆ ಗಡುವು ದಾಟಿದರೂ ದಾರಿ ಪೂರ್ತಿ ಮುಚ್ಚುವುದಿಲ್ಲ. ಖಾಸಗಿಯವರಿಂದ ಕೊಂಡಿದ್ದರೆ ಅವರು ಸುಳ್ಳು ಹೇಳಿದ್ದಕ್ಕೆ ಪುರಾವೆ ಬೇಕಾಗುತ್ತದೆ. ಸಲಹಾ ಸಂಸ್ಥೆಯಾದ ಸಿಟಿಜನ್ಸ್ ಅಡ್ವೈಸ್‌ಗೆ ಫೋನ್ ಮಾಡಿದರೆ ಮುಂದಿನ ಹೆಜ್ಜೆಯನ್ನು ಪುಕ್ಕಟೆ ತಿಳಿಸುತ್ತಾರೆ. ಕಾರ್ಡಿನಲ್ಲಿ ಹಣ ಕೊಟ್ಟಿದ್ದರೆ ಬ್ಯಾಂಕಿಗೂ ಅದೇ ದಿನ ತಿಳಿಸಿ.